ರೇಚಲ್‌ಗೆ ಉತ್ತರ ಹೇಳಿಕೊಟ್ಟಿದ್ದು ಯಾಕೆ?

ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಕಥೆಯ ಗುಟ್ಟು ರಟ್ಟಾಗುತ್ತೆ. ‘ದಿ ಗರ್ಲ್ ಆನ್ ದಿ ಟ್ರೈನ್’ ಓದಬೇಕು ಅಂತ ಎತ್ತಿಟ್ಟುಕೊಂಡಿರುವವರು ಪುಟ ತಿರುಗಿಸಿ.

ಪೌಲಾ ಹಾಕಿನ್ಸ್ ಬರೆದ ಈ ಕಾದಂಬರಿ 2015ರಲ್ಲಿ ಬಂತು, ರಾಶಿ ರಾಶಿ ಖರ್ಚಾಯ್ತು. ಮಾರನೇ ವರ್ಷವೇ ಟೇಟ್ ಟೇಲರ್ ಸಿನಿಮಾ ಮಾಡಿದರು. ಲಂಡನ್ನಿನ ಕಥೆಯನ್ನು ನ್ಯೂಯಾರ್ಕಿಗೆ ಎತ್ತಿಕೊಂಡು ಹೋದರಲ್ಲ ಅಂತ ಓದುಗರು ಬೇಜಾರು ಮಾಡಿಕೊಂಡರು. ನನಗೆ ಅದು ದೊಡ್ಡ ವಿಷಯವೇ ಅಲ್ಲ. ರೈಲು ಎಲ್ಲಿ ಬೇಕಾದರೂ ಓಡಲಿ. ನನ್ನ ಸಿಟ್ಟೇ ಬೇರೆ.

ರೇಚಲ್ ವಿಪರೀತ ಕುಡಿಯುವವಳು. ಕೆಲಸ ಹೋಗಿದೆ, ಆದರೂ ಜೊತೆಗಿರುವ ಗೆಳತಿಗೆ ಗೊತ್ತಾಗಬಾರದೆಂದು ದಿನಾ ಬೆಳಿಗ್ಗೆ 8.04ರ ರೈಲು ಹತ್ತುತ್ತಾಳೆ. ಕುಡಿದ ರಾತ್ರಿಗಳು ಅವಳಿಗೆ ನೆನಪಿರೋದಿಲ್ಲ. ಬಿಟ್ಟುಹೋದ ಗಂಡ ಟಾಮ್ ಏನು ಹೇಳಿದ್ದನೋ ಅದೇ ಅವಳ ನೆನಪು. ಗಾಲ್ಫ್ ಕೋಲು ಎತ್ತಿಕೊಂಡು ನನ್ನ ಮೇಲೆ ಬಂದೆ ಅಂದ. ನಂಬಿದಳು. ನಾಚಿಕೆಯಿಂದ ಕುಗ್ಗಿಹೋದಳು. ಆದರೆ ಆ ರಾತ್ರಿಯದು ಅಂತ ಅವಳ ಮೈಯಲ್ಲಿ ಉಳಿದಿರೋದು ಸಿಟ್ಟಲ್ಲ, ಭಯ. ಹೊಡೆಯಲು ಹೋದವಳಿಗೆ ಭಯ ಯಾಕೆ? ತಾಳೆಯಾಗದ ಈ ಒಂದು ಲೆಕ್ಕ ಹಿಡಿದುಕೊಂಡು ಅವಳೇ ನಿಜದ ಹತ್ತಿರ ಹೋಗ್ತಾಳೆ. ಕೊಲೆಗಾರ ಯಾರು ಅನ್ನೋದಕ್ಕಿಂತ ನನಗೆ ದೊಡ್ಡ ಪತ್ತೇದಾರಿ ಅನ್ನಿಸಿದ್ದು ಇದು.

ಸಿನಿಮಾದಲ್ಲಿ? ಟಾಮ್‌ನ ಹಳೇ ಬಾಸ್‌ನ ಹೆಂಡತಿ ಮಾರ್ತಾ ರೈಲಿನಲ್ಲಿ ಸಿಗ್ತಾಳೆ. ಅವತ್ತು ನಿಮ್ಮ ಪಾರ್ಟಿಯಲ್ಲಿ ರಂಪ ಮಾಡಿದ್ದಕ್ಕೆ ಕ್ಷಮಿಸಿ ಅಂತ ರೇಚಲ್ ಅಂದರೆ, ನೀವೇನೂ ಮಾಡಲೇ ಇಲ್ಲವಲ್ಲ ಅಂತಾಳೆ. ಟಾಮ್ ಕೆಲಸ ಕಳೆದುಕೊಂಡಿದ್ದು ಅವನ ಹೆಣ್ಣಿನ ಚಪಲದಿಂದ ಅಂತಲೂ ಹೇಳ್ತಾಳೆ. ಮುಗೀತು! ನಾಲ್ಕು ದಿನದಿಂದ ಬಗ್ ಹುಡುಕುತ್ತಾ ಕೂತವನಿಗೆ ಯಾರೋ ಲಿಫ್ಟಿನಲ್ಲಿ ಸಿಕ್ಕಿ ಲೈನ್ ನಂಬರ್ ಹೇಳಿ ಹೋದ ಹಾಗೆ. ಅಲ್ಲಾ ಸ್ವಾಮೀ, ಇನ್ನೊಬ್ಬರು ತನ್ನ ಬಗ್ಗೆ ಹೇಳಿದ್ದನ್ನು ನಂಬಿಯೇ ಹಾಳಾದವಳು ಅವಳು. ಅವಳನ್ನು ಉಳಿಸೋದಕ್ಕೂ ಮತ್ತೊಬ್ಬರ ಮಾತೇ ಬೇಕಾಯ್ತಾ?

‘ಮನಸ್ಸಿನೊಳಗಿನದ್ದನ್ನು ಕ್ಯಾಮೆರಾ ತೋರಿಸೋಕಾಗಲ್ಲ ಗುರೂ’ ಅಂತ ಗೆಳೆಯನೊಬ್ಬನ ವಾದ. ಒಪ್ಪಲ್ಲ. 2014ರ ‘ಗಾನ್ ಗರ್ಲ್’ ನೋಡಿ. ಏಮಿ ಡೈರಿಯಲ್ಲಿ ಬರೆದಿಟ್ಟ ಸುಳ್ಳನ್ನು ಡೇವಿಡ್ ಫಿಂಚರ್ ತೆರೆಯ ಮೇಲೆ ನಡೆಸಿ ತೋರಿಸಿದಾಗ ನಾವು ನಂಬಲಿಲ್ವಾ? ಅದಕ್ಕೆ ಚಿತ್ರಕಥೆ ಬರೆದವರು ಕಾದಂಬರಿಕಾರ್ತಿ ಗಿಲಿಯನ್ ಫ್ಲಿನ್ ಅವರೇ. ಟೇಲರ್ ಕೈಯಲ್ಲಂತೂ ಎಮಿಲಿ ಬ್ಲಂಟ್ ಇದ್ದರು. ಊದಿಕೊಂಡ ಆ ಮುಖ, ಒಡೆದ ತುಟಿ, ಮಾತಿನ ನಡುವೆ ತಪ್ಪಿಸಿಕೊಳ್ಳುವ ಕಣ್ಣು. ಬಾಫ್ಟಾ ನಾಮಿನೇಷನ್ ಸುಮ್ಮನೆ ಬರಲಿಲ್ಲ. ಮಾರ್ತಾಳನ್ನು ರೈಲು ಹತ್ತಿಸುವ ಬದಲು ಆ ಮುಖದ ಮೇಲೆ ಎರಡು ನಿಮಿಷ ಕ್ಯಾಮೆರಾ ನಿಲ್ಲಿಸಿದ್ದರೆ ಸಾಕಿತ್ತು.

2021ರಲ್ಲಿ ಹಿಂದಿಯಲ್ಲೂ ಬಂತು, ಪರಿಣೀತಿ ಚೋಪ್ರಾ ಮಾಡಿದ್ದು. ಅದರಲ್ಲಿ ನಾಯಕಿಗೆ ಕುಡಿತದ ಜೊತೆಗೆ ಅಪಘಾತದಿಂದ ಬಂದ ಮರೆವಿನ ಕಾಯಿಲೆ ಬೇರೆ. ಕುಡಿದು ಮರೆತೆನಲ್ಲ ಅನ್ನೋ ನಾಚಿಕೆಯಿಂದಲೇ ರೇಚಲ್ ಗಂಡನನ್ನು ನಂಬಿದ್ದು. ಇಲ್ಲಿ ಆ ನಾಚಿಕೆಯ ಜಾಗಕ್ಕೆ ಡಾಕ್ಟರ ಚೀಟಿ ಬಂದು ಕೂತಿದೆ. ನಾನು ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ.