ಸಿಂಗಪುರದ ಬಾಗಿಲಿಗೆ 40 ಅಂಕ

ಸಿಂಗಪುರದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್. ಹೆಚ್ಚುಕಡಿಮೆ ಹಳೆಯ ಬಿಬಿಎಂಪಿ ವ್ಯಾಪ್ತಿಯಷ್ಟೇ. ಜನಸಂಖ್ಯೆ 60 ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲೇ ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನರಿದ್ದರು. ಆದರೂ 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ತನ್ನ ಮಾತೃಸಂಸ್ಥೆಯನ್ನು ನೋಂದಾಯಿಸಿದ್ದು ಸಿಂಗಪುರದಲ್ಲಿ. 2012ರಲ್ಲಿ ಮಲೇಷ್ಯಾದಲ್ಲಿ ಆರಂಭವಾದ ಗ್ರ್ಯಾಬ್ ಕೂಡ ನಂತರ ತನ್ನ ಕೇಂದ್ರ ಕಚೇರಿಯನ್ನು ಅಲ್ಲಿಗೇ ಸಾಗಿಸಿತು.

ಕಡಿಮೆ ತೆರಿಗೆ, ಸರಳ ನಿಯಮ, ಸುಲಭವಾಗಿ ಸಿಗುವ ಬಂಡವಾಳ ಇದಕ್ಕೆ ಕಾರಣ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಕಂಪನಿಯ ಕಾಗದಪತ್ರ ದೇಶ ದಾಟುವುದು ಸುಲಭ, ಮನುಷ್ಯ ದಾಟುವುದು ಕಷ್ಟ. ಕೆಲಸ ಹುಡುಕುವ ನಮ್ಮಂಥವರಿಗೆ ಮುಖ್ಯವಾಗುವುದು ಈ ಎರಡನೆಯ ಸಂಗತಿಯೇ.

ಸಿಂಗಪುರಕ್ಕೆ ಹೊರಗಿನವರು ಬೇಕೇ ಬೇಕು. 2023ರಲ್ಲಿ ಅಲ್ಲಿನ ಫಲವಂತಿಕೆ ದರ 0.97ಕ್ಕೆ ಇಳಿಯಿತು. ಜನಸಂಖ್ಯೆ ಕುಗ್ಗದಿರಲು ಬೇಕಾದ ದರ 2.1. ಹಾಗೆಂದು ಬಾಗಿಲನ್ನು ಪೂರ್ತಿ ತೆರೆಯುವ ಸ್ವಾತಂತ್ರ್ಯವೂ ಸರ್ಕಾರಕ್ಕಿಲ್ಲ. 2011ರ ಚುನಾವಣೆಯಲ್ಲಿ ಆಡಳಿತ ಪಕ್ಷದ ಮತಪ್ರಮಾಣ ಸುಮಾರು ಶೇ 60ಕ್ಕೆ ಕುಸಿಯಿತು. ವಲಸಿಗರ ಸಂಖ್ಯೆಯ ಬಗೆಗಿನ ಅಸಮಾಧಾನ ಅದರ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. 2013ರಲ್ಲಿ ಸರ್ಕಾರದ ಶ್ವೇತಪತ್ರವೊಂದು 2030ರ ವೇಳೆಗೆ ಜನಸಂಖ್ಯೆ 69 ಲಕ್ಷಕ್ಕೆ ಏರಬಹುದು ಎಂದಾಗ, ಪ್ರತಿಭಟನೆ ಅಪರೂಪವಾದ ಆ ದೇಶದಲ್ಲಿ ಸಾವಿರಾರು ಜನ ಹಾಂಗ್ ಲಿಮ್ ಉದ್ಯಾನದಲ್ಲಿ ಸೇರಿದರು. ಭಾರತದೊಂದಿಗೆ 2005ರಲ್ಲಿ ಆದ ಆರ್ಥಿಕ ಒಪ್ಪಂದವೇ ಭಾರತೀಯರನ್ನು ತಂದು ತುಂಬುತ್ತಿದೆ ಎಂಬ ಆರೋಪದ ಮೇಲೆ 2021ರಲ್ಲಿ ಸಂಸತ್ತಿನಲ್ಲೇ ಚರ್ಚೆ ನಡೆಯಿತು.

ಜನ ಬೇಕು, ಆದರೆ ಇದ್ದವರು ಒಪ್ಪಬೇಕು. ಈ ಇಕ್ಕಟ್ಟಿಗೆ ಸಿಂಗಪುರ ಕಂಡುಕೊಂಡ ಉತ್ತರ 2023ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ 'ಕಂಪಾಸ್' ಎಂಬ ಅಂಕಪದ್ಧತಿ. ವೃತ್ತಿಪರರ ವೀಸಾ ಆದ 'ಎಂಪ್ಲಾಯ್‌ಮೆಂಟ್ ಪಾಸ್' ಪಡೆಯಲು ಮೊದಲು ಕನಿಷ್ಠ ವೇತನದ ಮಿತಿ ದಾಟಬೇಕು. 2025ರ ಜನವರಿಯಿಂದ ಹೆಚ್ಚಿನ ವಲಯಗಳಲ್ಲಿ ಅದು ತಿಂಗಳಿಗೆ 5,600 ಸಿಂಗಪುರ ಡಾಲರ್, ವಯಸ್ಸಿನೊಂದಿಗೆ ಏರುತ್ತದೆ. ಆಮೇಲೆ 40 ಅಂಕ ಗಳಿಸಬೇಕು. ವೇತನ, ವಿದ್ಯಾರ್ಹತೆ, ಕಂಪನಿಯಲ್ಲಿ ನಿಮ್ಮ ದೇಶದವರು ಎಷ್ಟಿದ್ದಾರೆ, ಕಂಪನಿ ಸ್ಥಳೀಯರಿಗೆ ಎಷ್ಟು ಕೆಲಸ ಕೊಟ್ಟಿದೆ: ಈ ನಾಲ್ಕಕ್ಕೂ ತಲಾ 20, 10 ಅಥವಾ ಸೊನ್ನೆ. ಕೊರತೆಯಿರುವ ಕೌಶಲಗಳ ಪಟ್ಟಿಯಲ್ಲಿ ನಿಮ್ಮ ಕೆಲಸವಿದ್ದರೆ ಬೋನಸ್ ಅಂಕ.

ಒಂದು ಲೆಕ್ಕ ಹಾಕಿ ನೋಡೋಣ. ನಮ್ಮ ಯಾವುದೋ ಜಿಲ್ಲಾ ಕೇಂದ್ರದ ಕಾಲೇಜಿನಿಂದ ಬಿಇ ಮುಗಿಸಿದವನಿಗೆ ಪದವಿಗೆ 10 ಅಂಕ. ಜಗತ್ತಿನ ಹೆಸರಾಂತ ವಿಶ್ವವಿದ್ಯಾಲಯದವರಿಗೆ ಮಾತ್ರ 20. ಅದೇ ವಯಸ್ಸಿನ ಸ್ಥಳೀಯರಿಗೆ ಹೋಲಿಸಿದರೆ ಸಾಕಷ್ಟು ಮೇಲಿನ ಸಂಬಳವಿದ್ದರೆ ಇನ್ನೊಂದು 10. ಅವನು ಸೇರುವ ದೊಡ್ಡ ಕಂಪನಿಯ ವೃತ್ತಿಪರರಲ್ಲಿ ಭಾರತೀಯರೇ ಶೇ 25ಕ್ಕಿಂತ ಹೆಚ್ಚಿದ್ದರೆ ವೈವಿಧ್ಯಕ್ಕೆ ಸೊನ್ನೆ. ಸ್ಥಳೀಯರಿಗೆ ಕೆಲಸ ಕೊಟ್ಟಿದ್ದಕ್ಕೆ 10 ಎಂದಿಟ್ಟುಕೊಳ್ಳಿ. ಒಟ್ಟು 30. ಕೌಶಲದ ಬೋನಸ್ ಇಲ್ಲದಿದ್ದರೆ ಪಾಸ್ ಇಲ್ಲ.

ಅದೇ ಹುಡುಗ ಅದೇ ಸಂಬಳಕ್ಕೆ 25ಕ್ಕಿಂತ ಕಡಿಮೆ ವೃತ್ತಿಪರರಿರುವ ಸ್ಟಾರ್ಟ್‌ಅಪ್ ಸೇರಿದರೆ? ಅಂಥ ಸಣ್ಣ ಕಂಪನಿಗಳಿಗೆ ಕೊನೆಯ ಎರಡು ಅಂಶಗಳಲ್ಲಿ ತಲಾ 10 ಅಂಕ ತಾನಾಗಿಯೇ ಸಿಗುತ್ತದೆ. ಒಟ್ಟು 40. ಬಾಗಿಲು ತೆರೆಯಿತು! ಅಂಕಪಟ್ಟಿ ಒಂದೇ, ಫಲಿತಾಂಶ ಬೇರೆ. ಇಲ್ಲಿ ಅಳೆಯುತ್ತಿರುವುದು ನಮ್ಮ ಪ್ರತಿಭೆಯೊಂದನ್ನೇ ಅಲ್ಲ, ನಮ್ಮನ್ನು ಕರೆಯುವ ಕಂಪನಿ ಆ ಸಮಾಜದೊಂದಿಗೆ ಹೇಗೆ ನಡೆದುಕೊಂಡಿದೆ ಎಂಬುದನ್ನೂ. ಸ್ವಂತ ಉದ್ಯಮ ಕಟ್ಟಲು ಹೋಗುವವರ 'ಆಂಟ್ರೆಪಾಸ್' ವೀಸಾದಲ್ಲೂ ಇದೇ ತರ್ಕ. ಕನಿಷ್ಠ ವೇತನದ ಷರತ್ತಿಲ್ಲ. ಆದರೆ ಮುಂದೆ ನವೀಕರಣವಾಗಬೇಕಾದರೆ ಅಲ್ಲಿ ಹಣ ವೆಚ್ಚ ಮಾಡಿರಬೇಕು, ಸ್ಥಳೀಯರಿಗೆ ಉದ್ಯೋಗ ಕೊಟ್ಟಿರಬೇಕು.

ಈ ಪದ್ಧತಿಯಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುವುದಿಲ್ಲ. ಯಾವ ದೇಶದ ಪೌರ ಎಂಬುದನ್ನು ನೋಡಿ ಅಂಕ ಕೊಡುವುದು ಮುಜುಗರದ ಸಂಗತಿ. ಕನಿಷ್ಠ ವೇತನ ಏರುತ್ತ ಹೋದಂತೆ ಸಣ್ಣ ಸ್ಟಾರ್ಟ್‌ಅಪ್‌ಗಳಿಗೆ ಹೊಸ ಪದವೀಧರರನ್ನು ಕರೆಸಿಕೊಳ್ಳುವುದು ದುಬಾರಿ. ಅದೇ ನಗರದ ಗಗನಚುಂಬಿ ಕಟ್ಟಡಗಳನ್ನು ಕಟ್ಟುವ ವಲಸೆ ಕಾರ್ಮಿಕರದು ಬೇರೆಯೇ ಬಾಗಿಲು. ಅವರಿಗೆ ಕುಟುಂಬವನ್ನು ಕರೆದೊಯ್ಯುವ ಅವಕಾಶವೂ ಇಲ್ಲ. ಆದರೂ ಒಂದು ಗುಣವನ್ನು ಒಪ್ಪಲೇಬೇಕು. ನಿಯಮಗಳು ಬಹಿರಂಗವಾಗಿವೆ. ಅರ್ಜಿ ಹಾಕುವ ಮೊದಲೇ ಕಂಪನಿ ತನ್ನ ಅಂಕವನ್ನು ಹೆಚ್ಚುಕಡಿಮೆ ಲೆಕ್ಕ ಹಾಕಬಹುದು. ಸ್ಥಳೀಯರಿಗೂ ತಮ್ಮ ಹಿತ ಆ ಲೆಕ್ಕದಲ್ಲಿ ಎಲ್ಲಿದೆ ಎಂಬುದು ಕಾಣುತ್ತದೆ.

ಇದೇ ಪ್ರಶ್ನೆ ನಮ್ಮ ರಾಜ್ಯದ ಮುಂದೆಯೂ ಬಂದಿತ್ತು. 2024ರ ಜುಲೈನಲ್ಲಿ ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ನೀಡಿತು. ಉದ್ಯಮಿಗಳ ವಿರೋಧ ಬಂದ ಕೂಡಲೇ, ಒಂದೆರಡು ದಿನಗಳಲ್ಲೇ, ಅದನ್ನು ತಡೆಹಿಡಿಯಲಾಯಿತು. ಹರಿಯಾಣದ ಶೇ 75ರ ಮೀಸಲಾತಿ ಕಾಯ್ದೆಯನ್ನು 2023ರ ನವೆಂಬರ್‌ನಲ್ಲಿ ಹೈಕೋರ್ಟ್ ರದ್ದುಪಡಿಸಿತ್ತು.

ಕರ್ನಾಟಕ ದೇಶವಲ್ಲ, ರಾಜ್ಯ. ಬಿಹಾರದ ಅಥವಾ ಕೇರಳದ ಎಂಜಿನಿಯರ್‌ಗೆ ಇಲ್ಲಿ ವೀಸಾ ಕೇಳಲು ಸಾಧ್ಯವಿಲ್ಲ, ಕೇಳಲೂಬಾರದು. ದೇಶದ ಎಲ್ಲೆಡೆ ನೆಲೆಸುವ ಹಕ್ಕನ್ನು ಸಂವಿಧಾನವೇ ಕೊಟ್ಟಿದೆ. ಆದರೆ ಸ್ಥಳೀಯರ ಆತಂಕ ಸುಳ್ಳೂ ಅಲ್ಲ. ಬೆಂಗಳೂರಿನ ಸ್ಟಾರ್ಟ್‌ಅಪ್‌ಗಳ ಸುದ್ದಿ ಓದುತ್ತ ಕೂತ ಜಿಲ್ಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಆ ಜಗತ್ತು ಸಿಂಗಪುರದಷ್ಟೇ ದೂರ. ಹಾಗಾಗಿ ಶೇಕಡಾವಾರು ಗೋಡೆಗಿಂತ ಅಂಕದ ದಾರಿ ಮೇಲು ಎನಿಸುತ್ತದೆ. ರಾಜ್ಯ ಸರ್ಕಾರ ಸ್ಟಾರ್ಟ್‌ಅಪ್‌ಗಳಿಗೆ ಕೊಡುವ ಅನುದಾನ, ಜಾಗ, ರಿಯಾಯಿತಿಗಳಿಗೆ ಬಹಿರಂಗ ಅಂಕಪಟ್ಟಿ ಇರಲಿ. ಜಿಲ್ಲೆಗಳ ಕಾಲೇಜುಗಳಿಂದ ಇಂಟರ್ನ್‌ಗಳನ್ನು ತೆಗೆದುಕೊಂಡರೆ ಅಂಕ, ತರಬೇತಿ ಕೊಟ್ಟು ಕೆಲಸಕ್ಕೆ ಉಳಿಸಿಕೊಂಡರೆ ಇನ್ನಷ್ಟು ಅಂಕ. ಹೊರಗಿನಿಂದ ಯಾರನ್ನಾದರೂ ಕರೆತರುವ ಸ್ವಾತಂತ್ರ್ಯ ಕಂಪನಿಗೆ ಇದ್ದೇ ಇರುತ್ತದೆ.

ನಮ್ಮ ಪಾಲಿನ ಕೆಲಸವೂ ಇದೆ. 2015ರಲ್ಲಿ ಆರಂಭವಾದ 'ಸ್ಕಿಲ್ಸ್‌ಫ್ಯೂಚರ್' ಯೋಜನೆಯಡಿ ಸಿಂಗಪುರ 25 ವರ್ಷ ದಾಟಿದ ತನ್ನ ಪ್ರತಿ ನಾಗರಿಕನಿಗೂ ಹೊಸ ಕೌಶಲ ಕಲಿಯಲು 500 ಡಾಲರ್ ಜಮೆ ಕೊಟ್ಟಿತು. ಹೊರಗಿನವರಿಗೆ ಪರೀಕ್ಷೆ ಇಟ್ಟ ದೇಶ ತನ್ನವರನ್ನೂ ಓದಲು ಕೂರಿಸಿದೆ. ನಮಗೆ ಅಂಥ ಜಮೆ ಸಿಗಲಿ ಎಂದು ಸರ್ಕಾರವನ್ನು ಕೇಳೋಣ. ಸಿಗುವವರೆಗೆ ಕಾಯುತ್ತ ಕೂರದೆ, ಮುಂದಿನ ಸೆಮಿಸ್ಟರ್ ರಜೆಯಲ್ಲಿ ಒಂದಾದರೂ ಕೌಶಲವನ್ನು ಸರಿಯಾಗಿ ಕಲಿಯೋಣ.