ವಾಸ್ತುಶಿಲ್ಪಿ ಸೆಂಪರ್

19ನೆಯ ಶತಮಾನದ ಯೂರೋಪಿನ ವಾಸ್ತುಶಿಲ್ಪಿಗಳ ಮೇಲೆ ಒಂದು ಆಪಾದನೆಯುಂಟು. ಅವರು ಸ್ವಂತದ್ದೇನನ್ನೂ ಸೃಷ್ಟಿಸದೆ, ಗ್ರೀಕರ ಕಂಬಗಳನ್ನೂ ರೋಮನರ ಕಮಾನುಗಳನ್ನೂ ಎರವಲು ತಂದು ಕಟ್ಟಡಗಳಿಗೆ ತೊಡಿಸಿದರೆಂಬುದೇ ಆ ಆಪಾದನೆ. ಅನೇಕರ ವಿಷಯದಲ್ಲಿ ಇದು ನಿಜವೂ ಹೌದು. ಆದರೆ ಜರ್ಮನಿಯ ಗಾಟ್‌ಫ್ರೀಡ್ ಸೆಂಪರನನ್ನು ಅದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

1803ರಲ್ಲಿ ಜನಿಸಿದ ಸೆಂಪರನು ತಾರುಣ್ಯದಲ್ಲಿ ಇಟಲಿ ಮತ್ತು ಗ್ರೀಸ್ ದೇಶಗಳನ್ನು ಸಂಚರಿಸಿ, ಪ್ರಾಚೀನರ ದೇವಾಲಯಗಳು ಬರಿಯ ಬಿಳಿಯ ಅಮೃತಶಿಲೆಯವಲ್ಲ, ಬಣ್ಣ ಬಳಿದಂಥವು ಎಂದು ವಾದಿಸಿದನು. 1834ರಲ್ಲಿ ಡ್ರೆಸ್ಡೆನ್ ನಗರದಲ್ಲಿ ಪ್ರಾಧ್ಯಾಪಕನಾದನು. ಅಲ್ಲಿ ಅವನು ಕಟ್ಟಿದ ರಾಜರಂಗಮಂದಿರವು 1841ರಲ್ಲಿ ಪೂರ್ಣಗೊಂಡಿತು. ಅದರ ಅಲಂಕಾರ ಇಟಲಿಯ ಪುನರುಜ್ಜೀವನ ಕಾಲದ್ದು, ನಿಜ. ಆದರೆ ಅದರ ಮುಂಭಾಗ ಅರ್ಧವೃತ್ತಾಕಾರವಾಗಿ ಬಾಗಿತ್ತು. ಒಳಗಿನ ಪ್ರೇಕ್ಷಕಾಂಗಣದ ಆಕಾರವನ್ನು ಬೀದಿಯಲ್ಲಿ ನಿಂತವನೂ ಕಾಣಬಹುದಾಗಿತ್ತು. ಬರಿಯ ಅನುಕರಣಕಾರನಿಗೆ ಇಂಥದು ಹೊಳೆಯುವುದೇ?

1849ರ ಮೇ ತಿಂಗಳಲ್ಲಿ ಡ್ರೆಸ್ಡೆನ್ನಿನ ಜನ ಅರಸನ ವಿರುದ್ಧ ದಂಗೆಯೆದ್ದರು. ಅರಸನಿಗಾಗಿ ರಂಗಮಂದಿರ ಕಟ್ಟಿದವನೇ ಬಂಡಾಯಗಾರರ ಪಕ್ಷ ಸೇರಿ, ಬೀದಿಗಳಿಗೆ ಅಡ್ಡಲಾಗಿ ತಡೆಗಟ್ಟೆಗಳನ್ನು ಕಟ್ಟಿಸಿದನು. ಆ ಪಕ್ಷದಲ್ಲಿ ಸಂಗೀತಗಾರ ವ್ಯಾಗ್ನರನೂ ಇದ್ದನು. ದಂಗೆ ಅಡಗಿತು, ಸೆಂಪರನ ಬಂಧನಕ್ಕೆ ಆಜ್ಞೆ ಹೊರಟಿತು. ಹುದ್ದೆ, ಮನೆ, ಕೀರ್ತಿ ಎಲ್ಲವನ್ನೂ ಬಿಟ್ಟು ಅವನು ಪ್ಯಾರಿಸಿಗೂ ಅಲ್ಲಿಂದ ಲಂಡನ್ನಿಗೂ ಹೋಗಬೇಕಾಯಿತು.

ಕಟ್ಟಲು ಕೆಲಸವಿಲ್ಲದ ಆ ವರ್ಷಗಳೇ ಅವನನ್ನು ಚಿಂತಕನನ್ನಾಗಿ ಮಾಡಿದುವು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಕೆರಿಬಿಯನ್ ದ್ವೀಪದ ಒಂದು ಗುಡಿಸಲು ಅವನ ಕಣ್ಣಿಗೆ ಬಿತ್ತು. ಒಲೆ, ಜಗಲಿ, ಛಾವಣಿ, ಹೆಣೆದ ಚಾಪೆಯ ಮರೆ: ಮನೆಯೆಂದರೆ ಮೂಲತಃ ಈ ನಾಲ್ಕೇ ಎಂಬ ಅವನ ವಿಚಾರಕ್ಕೆ ಅದು ಸಾಕ್ಷಿಯಾಯಿತು. ಮನುಷ್ಯ ಮೊದಲು ನೇಯ್ದನು, ಕಲ್ಲಿನ ಗೋಡೆ ಆಮೇಲೆ ಬಂದಿತು ಎಂಬುದು ಅವನ ವಾದ. ಜರ್ಮನ್ ಭಾಷೆಯಲ್ಲಿ ಗೋಡೆಗೆ ‘ವಾಂಟ್’ ಎಂದೂ ಉಡುಪಿಗೆ ‘ಗೆವಾಂಟ್’ ಎಂದೂ ಹೆಸರಿರುವುದನ್ನು ಅವನು ಎತ್ತಿ ತೋರಿಸಿದನು. ಈ ವಾದವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಆದರೆ ಅರಮನೆಯ ಮೂಲವನ್ನು ಗುಡಿಸಲಿನಲ್ಲಿ ಹುಡುಕಿದವನನ್ನು ಹಳೆಯ ಶೈಲಿಗಳ ದಾಸನೆನ್ನಲಾಗದು.

1855ರಲ್ಲಿ ಜ್ಯೂರಿಕ್ ಅವನಿಗೆ ಅಧ್ಯಾಪಕ ಪದವಿಯಿತ್ತಿತು. 1869ರಲ್ಲಿ ಡ್ರೆಸ್ಡೆನ್ನಿನ ರಂಗಮಂದಿರ ಬೆಂಕಿಗೆ ಆಹುತಿಯಾದಾಗ, ಒಮ್ಮೆ ಅಟ್ಟಿದ ಊರೇ ಹೊಸದರ ನಕ್ಷೆಗಾಗಿ ಅವನನ್ನು ಬೇಡಿತು. ಮಗ ಮಾನ್‌ಫ್ರೆಡನ ಮೇಲ್ವಿಚಾರಣೆಯಲ್ಲಿ ಅದು 1878ರಲ್ಲಿ ಮುಗಿಯಿತು. ಮರುವರ್ಷ ಸೆಂಪರನು ರೋಮಿನಲ್ಲಿ ತೀರಿಕೊಂಡನು.

ಆ ಎರಡನೆಯ ರಂಗಮಂದಿರವೂ 1945ರ ಫೆಬ್ರವರಿಯ ಬಾಂಬುದಾಳಿಯಲ್ಲಿ ನಾಶವಾಯಿತು. ಸರಿಯಾಗಿ 40 ವರ್ಷಗಳ ತರುವಾಯ, 1985ರ ಫೆಬ್ರವರಿ 13ರಂದು, ಹಿಂದಿನ ರೂಪದಲ್ಲಿಯೇ ಮತ್ತೆ ತೆರೆಯಿತು. ಅದೇ ಊರಿನಲ್ಲಿ ಅವನು ಕಟ್ಟಿದ್ದ ಯಹೂದ್ಯರ ಪ್ರಾರ್ಥನಾಮಂದಿರಕ್ಕೆ ಆ ಭಾಗ್ಯವಿರಲಿಲ್ಲ. 1938ರ ನವೆಂಬರಿನಲ್ಲಿ ನಾಟ್ಸಿಗಳು ಅದನ್ನು ಸುಟ್ಟರು. ಅಗ್ನಿಶಾಮಕ ದಳದವನೊಬ್ಬನು ಅದರ ಶಿಖರದ ನಕ್ಷತ್ರವೊಂದನ್ನು ಬಚ್ಚಿಟ್ಟು ಉಳಿಸಿದನು. 2001ರಲ್ಲಿ ಬೇರೆಯೇ ರೂಪದಲ್ಲಿ ಎದ್ದ ಹೊಸ ಮಂದಿರದ ಬಾಗಿಲ ಮೇಲೆ ಆ ನಕ್ಷತ್ರವಿದೆ.