ಅಪ್ಪನ ಹೆಸರಿನಿಂದ ಕಾರು ಓಡುವುದಿಲ್ಲ

ಹೆಸರಾಂತ ತಂದೆಯ ಮಗನೊಬ್ಬ ಗೆದ್ದನೆಂದು ಕೇಳಿದ ಕೂಡಲೇ ನಮ್ಮ ಬಾಯಿಗೆ ಬರುವ ಮಾತೊಂದಿದೆ: “ಅವನಿಗೇನಪ್ಪ, ಅಪ್ಪ ಎಲ್ಲ ಮಾಡಿಟ್ಟಿದ್ದ!” ಅವನೇ ಸೋತರೆ ಅದಕ್ಕೂ ಮಾತು ಸಿದ್ಧ: “ಅಪ್ಪನ ಹೆಸರು ಕೆಡಿಸಿದ.” ಅಂದರೆ ಗೆಲುವು ಅಪ್ಪನ ಖಾತೆಗೆ, ಸೋಲು ಮಗನ ಖಾತೆಗೆ. ಈ ಲೆಕ್ಕ ಯಾವ ನ್ಯಾಯದ್ದೆಂದು ಕೇಳಲು ನಾವು ಹೊರಟಿದ್ದೇವೆ. ಸಾಕ್ಷಿಗೆ ಇಂಗ್ಲೆಂಡಿನ ಕಾರ್ ರೇಸಿನ ಮನೆತನವೊಂದನ್ನು ಕರೆಯುತ್ತೇವೆ.

ಗ್ರಹಾಂ ಹಿಲ್ 1962 ಮತ್ತು 1968ರಲ್ಲಿ ಫಾರ್ಮುಲಾ ವನ್ ವಿಶ್ವ ಚಾಂಪಿಯನ್ ಆದವನು. ಮೊನಾಕೋ ಗ್ರಾಂಪ್ರಿಯನ್ನು ಐದು ಸಲ ಗೆದ್ದ. 1966ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ 500 ಮೈಲಿ ಪಂದ್ಯವನ್ನೂ 1972ರಲ್ಲಿ ಫ್ರಾನ್ಸಿನ ಲಮಾನ್ 24 ಗಂಟೆಗಳ ಪಂದ್ಯವನ್ನೂ ಗೆದ್ದ. ಈ ಮೂರನ್ನೂ ಗೆದ್ದ ಚಾಲಕ ಅವನನ್ನು ಬಿಟ್ಟರೆ ಇಂದಿಗೂ ಇನ್ನೊಬ್ಬನಿಲ್ಲ. ಇಂಥವನ ಮಗ ಡೇಮನ್ ಹಿಲ್ 1996ರಲ್ಲಿ ವಿಶ್ವ ಚಾಂಪಿಯನ್ ಆದಾಗ, ಚಾಂಪಿಯನ್ ತಂದೆಯ ಚಾಂಪಿಯನ್ ಮಗ ಎಂಬ ದಾಖಲೆ ಮೊದಲ ಬಾರಿಗೆ ಬರೆಯಲ್ಪಟ್ಟಿತು. “ಹುಲಿಯ ಮರಿ ಹುಲಿಯೇ ಅಲ್ಲವೆ, ಇದರಲ್ಲೇನು ಹೆಚ್ಚುಗಾರಿಕೆ?” ಎನ್ನುವವರು ಸ್ವಲ್ಪ ತಾಳಬೇಕು.

1975ರ ನವೆಂಬರ್ 29ರ ರಾತ್ರಿ ಗ್ರಹಾಂ ತನ್ನ ತಂಡದ ಐವರನ್ನು ಕೂರಿಸಿಕೊಂಡು ಫ್ರಾನ್ಸಿನಿಂದ ತಾನೇ ವಿಮಾನ ನಡೆಸಿಕೊಂಡು ಬರುತ್ತಿದ್ದ. ಲಂಡನ್ನಿನ ಹೊರವಲಯದಲ್ಲಿ ದಟ್ಟ ಮಂಜಿನ ನಡುವೆ ವಿಮಾನ ನೆಲಕ್ಕಪ್ಪಳಿಸಿ ಆರೂ ಮಂದಿ ತೀರಿಕೊಂಡರು. ಡೇಮನ್‌ಗೆ ಆಗ 15 ವರ್ಷ. ವಿಮಾನದ ನೋಂದಣಿ ರದ್ದಾಗಿತ್ತು, ಗ್ರಹಾಂನ ಪರವಾನಗಿಯ ಕಾಗದಪತ್ರಗಳೂ ಸರಿಯಿರಲಿಲ್ಲ. ಹೀಗಾಗಿ ವಿಮೆ ಕೈಕೊಟ್ಟಿತು. ಸತ್ತವರ ಮನೆಯವರು ನ್ಯಾಯವಾಗಿಯೇ ಪರಿಹಾರ ಕೇಳಿದರು. ಅದು ಗ್ರಹಾಂನ ಆಸ್ತಿಯಿಂದಲೇ ಸಲ್ಲಬೇಕಾಯಿತು. ಅಪ್ಪ ನೆಟ್ಟ ಆಲದ ಮರದಿಂದ ಮಗನಿಗೆ ದಕ್ಕಿದ್ದು ನೆರಳಲ್ಲ, ಉರುಳಿದ ಮರದ ಭಾರ.

ಆ ಹುಡುಗ ಕೂಲಿ ಕೆಲಸ ಮಾಡಿದ. ಮೋಟಾರ್ ಸೈಕಲ್ ಮೇಲೆ ಕೊರಿಯರ್ ಕೆಲಸ ಮಾಡಿದ. ಆ ದುಡ್ಡಿನಲ್ಲೇ ಮೊದಲು ಮೋಟಾರ್ ಸೈಕಲ್ ರೇಸಿಗೆ ಇಳಿದ. ಅದರ ಅಪಾಯಕ್ಕೆ ಹೆದರಿದ ತಾಯಿ 1983ರಲ್ಲಿ ಅವನನ್ನು ಕಾರ್ ರೇಸಿನ ಶಾಲೆಗೆ ಕಳುಹಿಸಿದಳು. ಫಾರ್ಮುಲಾ ವನ್‌ನಲ್ಲಿ ಮೊದಲ ಪಂದ್ಯ ಓಡುವ ಹೊತ್ತಿಗೆ 1992 ಬಂದಿತ್ತು, ವಯಸ್ಸು 31 ಆಗಿತ್ತು. ಅದೂ ಮುಳುಗುತ್ತಿದ್ದ ಬ್ರಾಭಂ ತಂಡದಲ್ಲಿ. ಹೆಚ್ಚಿನ ಪಂದ್ಯಗಳಲ್ಲಿ ಅರ್ಹತೆಯ ಸುತ್ತನ್ನೇ ದಾಟಲಾಗಲಿಲ್ಲ. ಅಪ್ಪ ಮಾಡಿಟ್ಟದ್ದು ಎಂಬ ಮಾತಿಗೆ ಇಲ್ಲಿ ಎಲ್ಲಿದೆ ಜಾಗ?

ಹೆಸರಿನಿಂದ ಉಪಯೋಗವೇ ಆಗಲಿಲ್ಲವೆಂದು ನಾವು ವಾದಿಸುವುದಿಲ್ಲ. ಆ ಹೆಸರು ಕೆಲವು ಬಾಗಿಲುಗಳನ್ನು ತೆರೆದಿರಬೇಕು. ಆದರೆ ಬಾಗಿಲು ತೆರೆಯುವುದು ಬೇರೆ, ಒಳಗೆ ನಿಲ್ಲುವುದು ಬೇರೆ. 1978ರ ವಿಶ್ವ ಚಾಂಪಿಯನ್ ಮಾರಿಯೋ ಆಂಡ್ರೆಟಿಯ ಮಗ ಮೈಕೇಲ್ ಅಮೆರಿಕದಲ್ಲಿ ದೊಡ್ಡ ಗೆಲುವುಗಳನ್ನು ಕಂಡವನು. 1993ರಲ್ಲಿ ಮೆಕ್‌ಲಾರೆನ್ ತಂಡ ಸೇರಿದ. ಇನ್ನೂ ಮೂರು ಪಂದ್ಯಗಳು ಉಳಿದಿರುವಾಗಲೇ ಹೊರಟುಹೋದ. ಹೆಸರು ಅವನನ್ನು ಕಾಯಲಿಲ್ಲ. ಅದೇ ವರ್ಷ ವಿಲಿಯಮ್ಸ್ ತಂಡದಲ್ಲಿದ್ದ ಡೇಮನ್ ಹಂಗೆರಿ, ಬೆಲ್ಜಿಯಂ, ಇಟಲಿಗಳಲ್ಲಿ ಸಾಲಾಗಿ ಮೂರು ಗೆದ್ದ.

“ವಿಲಿಯಮ್ಸ್ ಕಾರು ಎಲ್ಲಕ್ಕಿಂತ ಚೆನ್ನಾಗಿತ್ತು, ಅದಕ್ಕೇ ಗೆದ್ದ” ಎಂಬುದು ಎರಡನೆಯ ಆಕ್ಷೇಪ. ಕಾರು ಚೆನ್ನಾಗಿತ್ತು, ನಿಜ. ಆದರೆ 1996ರಲ್ಲಿ ಅದೇ ಕಾರು ಜಾಕ್ ವಿಲ್ನೆವ್‌ಗೂ ಇತ್ತು. ಅವನೂ ಹೆಸರಾಂತ ಚಾಲಕ ಗಿಲ್ ವಿಲ್ನೆವ್‌ನ ಮಗ. ಅಪ್ಪನ ಹೆಸರು ಇಬ್ಬರಿಗೂ ಇತ್ತು, ಒಂದೇ ಕಾರು ಇಬ್ಬರಿಗೂ ಇತ್ತು. ವರ್ಷದ ಕೊನೆಗೆ ಡೇಮನ್‌ಗೆ 97 ಅಂಕ, ಜಾಕ್‌ಗೆ 78. ಈ ಹತ್ತೊಂಬತ್ತು ಅಂಕಗಳನ್ನು ಯಾರ ಅಪ್ಪ ಕೊಟ್ಟ?

ಇನ್ನು ರಕ್ತಗುಣದ ಮಾತು. ಡೇಮನ್‌ನ ಮಗ ಜಾಶ್ ಕೂಡ ರೇಸಿಗೆ ಇಳಿದವನೇ. 2013ರಲ್ಲಿ ಸಾಕೆಂದು ಬಿಟ್ಟು ಸಂಗೀತದ ಕಡೆ ಹೋದ. ರಕ್ತ ಅದೇ ತಾನೇ?

ಅಪ್ಪನ ಹೆಸರಿನಿಂದ ಬಂದ ಕಷ್ಟವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 1968ರಲ್ಲಿ ಜಿಮ್ ಕ್ಲಾರ್ಕ್ ಸತ್ತ ಮುಂದಿನ ತಿಂಗಳು ಸ್ಪೇನಿನಲ್ಲಿ ಗೆದ್ದು ಕಂಗೆಟ್ಟ ಲೋಟಸ್ ತಂಡವನ್ನು ಎತ್ತಿ ನಿಲ್ಲಿಸಿದವನು ಗ್ರಹಾಂ. 1994ರ ಮೇ 1ರಂದು ಇಮೋಲಾದಲ್ಲಿ ಐರ್ಟನ್ ಸೆನ್ನಾ ಸತ್ತಾಗ ಅದೇ ಹೊರೆ ಮಗನ ಹೆಗಲಿಗೆ ಬಂತು. ನಾಲ್ಕು ವಾರಗಳಲ್ಲಿ ಅದೇ ಸ್ಪೇನಿನಲ್ಲಿ ಅವನೂ ಗೆದ್ದ. ಅಪ್ಪ ಒಮ್ಮೆಯೂ ಗೆಲ್ಲದ ಬ್ರಿಟಿಷ್ ಗ್ರಾಂಪ್ರಿಯನ್ನೂ ಆ ವರ್ಷ ಗೆದ್ದ. ಕೊನೆಗೆ ಅಡಿಲೇಡಿನಲ್ಲಿ ಶೂಮಾಕರ್ ಕಾರಿನೊಡನೆ ಡಿಕ್ಕಿಯಾಗಿ ಒಂದೇ ಒಂದು ಅಂಕದಿಂದ ಚಾಂಪಿಯನ್ ಪಟ್ಟ ತಪ್ಪಿತು.

ಪಟ್ಟ ದೊರೆತ 1996ರಲ್ಲಿ ಆದದ್ದೇನು? ವರ್ಷ ಮುಗಿಯುವ ಮೊದಲೇ, ಮುಂದಿನ ವರ್ಷಕ್ಕೆ ನೀನು ಬೇಡವೆಂದು ತಂಡ ಹೇಳಿಯಾಗಿತ್ತು. ಕೆಲಸ ಹೋಗಿದೆಯೆಂದು ತಿಳಿದೇ ಚಾಂಪಿಯನ್ ಆದ ಡೇಮನ್, 1997ರಲ್ಲಿ ಅದುವರೆಗೆ ಒಂದು ಪಂದ್ಯವನ್ನೂ ಗೆಲ್ಲದ ಆರೋಸ್ ತಂಡಕ್ಕೆ ಹೋದ. ಹಂಗೆರಿಯಲ್ಲಿ ಆ ಕಾರನ್ನು ಕೊನೆಯ ಸುತ್ತಿನವರೆಗೂ ಮುಂದಿಟ್ಟಿದ್ದ. ಯಂತ್ರ ಕೈಕೊಟ್ಟು ಎರಡನೆಯವನಾದ. 1998ರಲ್ಲಿ ಬೆಲ್ಜಿಯಂನ ಮಳೆಯಲ್ಲಿ ಜೋರ್ಡನ್ ತಂಡಕ್ಕೆ ಅದರ ಮೊಟ್ಟಮೊದಲ ಗೆಲುವು ತಂದುಕೊಟ್ಟ. 1999ರಲ್ಲಿ ನಿವೃತ್ತನಾದಾಗ ಅವನ ಗೆಲುವುಗಳು 22. ಅಪ್ಪನವು 14.

ಮುಂದೆ 2005ರಲ್ಲಿ ನಮ್ಮ ದೇಶದಿಂದ ಮೊದಲು ಫಾರ್ಮುಲಾ ವನ್ ಏರಿದ ನರೇನ್ ಕಾರ್ತಿಕೇಯನ್ ಓಡಿಸಿದ್ದೂ ಅದೇ ಜೋರ್ಡನ್ ಕಾರನ್ನೇ. ಅವನೂ ರ‍್ಯಾಲಿ ಚಾಲಕನ ಮಗ. ಅವನನ್ನು ತೂಗುವಾಗಲೂ ತಕ್ಕಡಿ ಸರಿಯಿರಲಿ.

ಈ ತಕ್ಕಡಿ ನಮ್ಮಲ್ಲಿ ಏಕೆ ವಾಲುತ್ತದೆಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ನಾವು ಊರು ಬಿಟ್ಟು ಬಂದವರು. ನಮ್ಮ ಅಪ್ಪಂದಿರ ಹೆಸರು ಊರ ಗಡಿಯಲ್ಲೇ ನಿಂತುಹೋಯಿತು. ಈ ಮಹಾನಗರದಲ್ಲಿ ಅದನ್ನು ಕೇಳಿದವರಿರಲಿಲ್ಲ. ಆದ್ದರಿಂದ ಹೆಸರಿದ್ದವರ ಮಕ್ಕಳನ್ನು ಕಂಡರೆ ನಮಗೊಂದು ಸಣ್ಣ ಹೊಟ್ಟೆಯುರಿ. ಆದರೆ ಇಷ್ಟು ವರ್ಷ ದುಡಿದು ನಾವೂ ಇಲ್ಲಿ ಅಷ್ಟಿಷ್ಟು ಹೆಸರು ಮಾಡಿದ್ದೇವೆ. ನಾಳೆ ನಮ್ಮ ಮಕ್ಕಳು ಏನಾದರೂ ಸಾಧಿಸಿದಾಗ ಸಂಘದ ಸಭೆಯಲ್ಲೇ ಯಾರಾದರೂ “ಅವರಪ್ಪ ಮಾಡಿಟ್ಟಿದ್ದರು” ಎಂದರೆ ಆ ಮಕ್ಕಳ ಬೆವರಿಗೆ ಬೆಲೆಯೇನು? ಹೆಸರು ಅಪ್ಪನದಿರಬಹುದು. ಚಕ್ರ ಹಿಡಿದ ಕೈ ಮಗನದು. ಗೆದ್ದಾಗಲೂ ಅದನ್ನು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನಮಗಿರಬೇಕು.